‘ಲಿಸನ್ ಮೀ’ ತಪ್ಪು, ‘ಆಸ್ಕ್ ಟು ಮೀ’ನೂ ತಪ್ಪು: ಇಂಗ್ಲಿಷ್ ಕ್ರಿಯಾಪದಕ್ಕೆ ಸರಿಯಾದ ಜೋಡಿ ಹುಡುಕುವ ಬಗೆ

ಕಲಬುರಗಿ ಬಸ್ ನಿಲ್ದಾಣದಲ್ಲಿ ನಿಂತವರು ‘ಬೀದರ್ ಬಸ್ಸಿನ ಹಾದಿ ನೋಡ್ಲಾಕತ್ತೀನಿ’ ಅನ್ನುತ್ತಾರೆ. ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಹಾದಿಗೆ ರೋಡ್, ನೋಡುವುದಕ್ಕೆ ಸೀ ಅಂತ ಯಾರೂ ಇಡುವುದಿಲ್ಲ. ‘ವೇಟ್’ ಅನ್ನಬೇಕೆಂದು ಎಲ್ಲರಿಗೂ ಗೊತ್ತು. ಎಡವುವುದು ಆಮೇಲೆ. ಒಬ್ಬರು ‘ವೇಟಿಂಗ್ ಬೀದರ್ ಬಸ್’ ಅಂದರೆ ಇನ್ನೊಬ್ಬರು ‘ವೇಟಿಂಗ್ ಟು ಬೀದರ್ ಬಸ್’ ಅನ್ನುತ್ತಾರೆ. ನಡುವೆ ಇರಬೇಕಾದದ್ದು ‘ಫಾರ್’. ಕ್ರಿಯಾಪದವೂ ಗೊತ್ತು, ಬಸ್ಸೂ ಗೊತ್ತು, ಎರಡನ್ನೂ ಹೊಲಿಯುವ ದಾರ ಮಾತ್ರ ಕೈಗೆ ಸಿಗುವುದಿಲ್ಲ.

ಆ ದಾರ ಹಿಡಿಯಲು ಬೇಕಾದ ಸಾಮಾನು ‘ಇಟ್’ ಮತ್ತು ‘ಹಿಮ್’ ಎಂಬ ಎರಡು ಪುಟ್ಟ ಸರ್ವನಾಮಗಳು. ಹೊಸ ಕ್ರಿಯಾಪದ ಕಲಿತಾಗ ನೋಟ್‌ಬುಕ್ಕಿನಲ್ಲಿ ‘ವೇಟ್ – ಕಾಯು’ ಅಂತ ಬರೆದುಕೊಂಡರೆ ಅರ್ಧ ಕೆಲಸವೂ ಆಗಲಿಲ್ಲ. ‘ವೇಟ್ ಫಾರ್ ಹಿಮ್ – ಅವನಿಗೆ ಕಾಯು’ ಅಂತ ಬರೆಯಿರಿ. ಆ ಮೂರು ಪದಗಳಲ್ಲಿ ಯಾವ ಪ್ರಿಪೋಸಿಷನ್ (ಟು, ಫಾರ್, ಅಟ್ ತರಹದ ಚಿಕ್ಕ ಪದ) ಬೇಕು, ಸರ್ವನಾಮದ ರೂಪ ಯಾವುದು, ಅದು ಎಲ್ಲಿ ಕೂರಬೇಕು, ಮೂರೂ ಬಂದುಬಿಡುತ್ತವೆ. ಮುಂದಿನ ಹಂತಗಳೆಲ್ಲ ಇದೇ ಸರ್ವನಾಮವನ್ನು ತೂಕದ ಕಲ್ಲಿನಂತೆ ಬಳಸುತ್ತವೆ.

ಒಂದು ಸೂಚನೆ. ಇಂಗ್ಲಿಷಿನ ಎರಡು ಬೇರೆ ಪದಗಳನ್ನು ಕನ್ನಡದಲ್ಲಿ ನಾವು ಒಂದೇ ‘ಆಫ್’ ಅಂತ ಬರೆಯುತ್ತೇವೆ. ಒಂದು ಎಫ್ ಇರುವುದರ ಉಚ್ಚಾರ ‘ಆವ್’, ಎರಡು ಎಫ್ ಇರುವುದರದು ‘ಆಫ್’. ಇಲ್ಲಿ ಹಾಗೇ ಬೇರೆ ಬೇರೆ ಬರೆದಿದೆ.

ಮೊದಲು ‘ಗೆ’ ಎಂದರೆ ‘ಟು’ ಎಂಬ ಲೆಕ್ಕ ಅಳಿಸಿ

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದದ ಬಾಲಕ್ಕೆ ಅಂಟಿಕೊಳ್ಳುತ್ತದೆ: ಬಸ್ಸಿಗೆ, ಬಸ್ಸಿನಿಂದ, ಬಸ್ಸಿನಲ್ಲಿ. ಇಂಗ್ಲಿಷಿನಲ್ಲಿ ಅದರ ಕೆಲಸ ಮಾಡುವ ಪ್ರಿಪೋಸಿಷನ್ ನಾಮಪದಕ್ಕಿಂತ ಮುಂಚೆ ನಿಲ್ಲುತ್ತದೆ. ಇಷ್ಟನ್ನು ಶಾಲೆಯಲ್ಲೇ ಹೇಳಿಕೊಟ್ಟಿರುತ್ತಾರೆ. ಹೇಳದೆ ಬಿಡುವ ಮಾತೆಂದರೆ, ಯಾವ ಪ್ರಿಪೋಸಿಷನ್ ಬರಬೇಕು ಅನ್ನುವುದನ್ನು ಬಹಳ ಸಲ ಕ್ರಿಯಾಪದವೇ ತೀರ್ಮಾನಿಸುತ್ತದೆ. ಕನ್ನಡದ ಪ್ರತ್ಯಯ ನೋಡಿ ಆರಿಸಿದರೆ ಕೈಕೊಡುತ್ತದೆ.

ನಮ್ಮ ‘ಗೆ’ ಒಂದನ್ನೇ ಹಿಡಿದು ನೋಡಿ. ‘ಬೀದರಿಗೆ ಹೋದೆ’ ಅಂದರೆ ‘ಐ ವೆಂಟ್ ಟು ಬೀದರ್’, ಸರಿ. ‘ಮನೆಗೆ ಹೋದೆ’ ಅಂದರೆ ‘ಐ ವೆಂಟ್ ಹೋಮ್’, ‘ಟು’ ಮಾಯ. ‘ಅವನಿಗೆ ಕಾದೆ’ ಅಂದರೆ ‘ಐ ವೇಟೆಡ್ ಫಾರ್ ಹಿಮ್’. ‘ಅವನಿಗೆ ಹೇಳಿದೆ’ ಅಂದರೆ ‘ಐ ಟೋಲ್ಡ್ ಹಿಮ್’, ಮತ್ತೆ ಏನೂ ಇಲ್ಲ. ‘ನಾಯಿಗೆ ಹೆದರಿದೆ’ ಅನ್ನುವಲ್ಲಿ ‘ಅಫ್ರೇಡ್ ಆವ್ ದಿ ಡಾಗ್’. ‘ಆರು ಗಂಟೆಗೆ’ ಅಂದರೆ ‘ಅಟ್ ಸಿಕ್ಸ್’. ‘ಇಂಗ್ಲಿಷಿಗೆ ಅನುವಾದಿಸು’ ಅಂದರೆ ‘ಟ್ರಾನ್ಸ್‌ಲೇಟ್ ಇಟ್ ಇಂಟು ಇಂಗ್ಲಿಷ್’. ಏಳು ‘ಗೆ’ಗಳಲ್ಲಿ ‘ಟು’ ಬಂದದ್ದು ಒಂದೇ ಕಡೆ. ನಮ್ಮ ಭಾಗದಲ್ಲಿ ಕನ್ನಡದ ಜೊತೆ ದಖ್ಖನಿ ಉರ್ದುವೂ ಬಾಯಲ್ಲಿ ಓಡಾಡುವುದರಿಂದ ಇನ್ನೊಂದು ಎಳೆತವೂ ಉಂಟು. ‘ಮುಝ್ ಸೇ ಪೂಛಾ’ (ನನ್ನಿಂದ ಕೇಳಿದ) ಎಂಬುದರ ನೆರಳಿನಲ್ಲಿ ‘ಹೀ ಆಸ್ಕ್ಡ್ ಫ್ರಮ್ ಮೀ’ ಬಾಯಿಗೆ ಬರುತ್ತದೆ. ಬೇಕಾದದ್ದು ‘ಹೀ ಆಸ್ಕ್ಡ್ ಮೀ’.

ಹಂತ 1: ಕರ್ತೃವನ್ನು ಹೊರಗೆ ಎಳೆಯಿರಿ

‘ಬಂದಳು’ ಅಂದರೆ ಸಾಕು, ಬಂದದ್ದು ಒಬ್ಬ ಹೆಣ್ಣುಮಗಳು ಅಂತ ಕ್ರಿಯಾಪದದ ಬಾಲವೇ ಹೇಳುತ್ತದೆ. ಇಂಗ್ಲಿಷಿನ ‘ಕೇಮ್’ ಯಾರ ಗುಟ್ಟನ್ನೂ ಬಿಡುವುದಿಲ್ಲ. ಅದಕ್ಕೇ ‘ಶೀ’ ಅನ್ನುವುದನ್ನು ಬಿಡುವ ಹಾಗಿಲ್ಲ. ಕರ್ತೃವೇ ಇಲ್ಲದ ಕಡೆಯೂ ಇಂಗ್ಲಿಷ್ ಒಂದು ‘ಇಟ್’ ತಂದು ಕೂರಿಸುತ್ತದೆ: ‘ಮಳಿ ಬರ್ಲಾಕತ್ತದ’ ಅಂದರೆ ‘ಇಟ್ ಈಸ್ ರೇನಿಂಗ್’, ಮೇ ತಿಂಗಳ ಕಲಬುರಗಿ ಬಿಸಿಲಿಗೆ ‘ಇಟ್ ಈಸ್ ವೆರಿ ಹಾಟ್’.

ಹೆಚ್ಚು ತೊಂದರೆ ಕೊಡುವುದು ‘ನಂಗ’ ಎಂದು ಶುರುವಾಗುವ ವಾಕ್ಯ. ‘ನಂಗ ಹಸಿವಾಗ್ಯಾದ’, ‘ನಂಗ ಗೊತ್ತದ’, ‘ನಂಗ ನೀರು ಬೇಕು’. ಕನ್ನಡದಲ್ಲಿ ಇಲ್ಲಿ ‘ನಾನು’ ಇಲ್ಲ, ಹಸಿವು, ತಿಳಿವು, ಬೇಕು ಎಲ್ಲವೂ ನಮ್ಮ ಕಡೆಗೆ ಬರುವ ಸಂಗತಿಗಳು. ಇಂಗ್ಲಿಷಿನಲ್ಲಿ ಅವೇ ‘ಐ ಆಮ್ ಹಂಗ್ರಿ’, ‘ಐ ನೋ’, ‘ಐ ವಾಂಟ್ ವಾಟರ್’. ‘ನನ್ನ ಹತ್ರ ರೊಕ್ಕ ಇಲ್ಲ’ ಅನ್ನುವುದನ್ನು ‘ನಿಯರ್ ಮೀ’ ಮಾಡಿದರೆ ಪಕ್ಕದಲ್ಲಿ ಎಲ್ಲೂ ದುಡ್ಡು ಬಿದ್ದಿಲ್ಲ ಎಂಬ ಅರ್ಥ ಬರುತ್ತದೆ. ‘ಐ ಹ್ಯಾವ್ ನೋ ಮನಿ’ ಅನ್ನಿ.

ಮರ್ಯಾದೆಯ ‘ಅವರು’ ಒಬ್ಬರನ್ನೇ ಸೂಚಿಸುವಾಗ ‘ದೇ’ ಆಗಬಾರದು. ಮಾಸ್ತರರು ಬಂದರೆ ‘ಹೀ’, ಅಕ್ಕೋರು ಬಂದರೆ ‘ಶೀ’. ಇಂಗ್ಲಿಷಿನಲ್ಲಿ ಅದು ಅವಮರ್ಯಾದೆ ಅಲ್ಲ.

ಹಂತ 2: ಸರ್ವನಾಮಕ್ಕೆ ಎರಡೇ ಅಂಗಿ

ಈ ಹಂತ ಸುಲಭ. ಕನ್ನಡದಲ್ಲಿ ‘ನಾನು’ ಎಷ್ಟು ವೇಷ ಹಾಕುತ್ತದೆ: ನನ್ನನ್ನು, ನನಗೆ, ನನ್ನಿಂದ, ನನ್ನಲ್ಲಿ, ನನ್ನ ಮೇಲೆ, ನನ್ನ ಕೂಡ. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ‘ಮೀ’ ಒಂದೇ. ಕ್ರಿಯಾಪದಕ್ಕಿಂತ ಮುಂಚೆ ಕರ್ತೃವಾಗಿ ನಿಂತರೆ ಐ, ಹೀ, ಶೀ, ವೀ, ದೇ. ಕ್ರಿಯಾಪದ ಆದಮೇಲೆ ಕರ್ಮವಾಗಿಯೋ ಪ್ರಿಪೋಸಿಷನ್ ಆದಮೇಲೋ ಬಂದರೆ ಮೀ, ಹಿಮ್, ಹರ್, ಅಸ್, ದೆಮ್. ‘ಯೂ’ ಮತ್ತು ‘ಇಟ್’ ಅಂಗಿ ಬದಲಿಸುವುದೇ ಇಲ್ಲ.

ಎಡವುವ ಜಾಗ ಎರಡು. ‘ನನ್ನ ಕೂಡ ಬಾ’ ಅನ್ನುವಲ್ಲಿ ‘ನನ್ನ’ ಇದೆಯೆಂದು ‘ವಿತ್ ಮೈ’ ಅನ್ನುವುದು ಒಂದು. ‘ಮೈ’ ಬಂದರೆ ಅದಾದಮೇಲೆ ಒಂದು ವಸ್ತುವೋ ವ್ಯಕ್ತಿಯೋ ಬೇಕು. ಇಲ್ಲಿ ‘ಕಮ್ ವಿತ್ ಮೀ’ ಸರಿ. ಇಬ್ಬರು ಸೇರಿದಾಗಿನದು ಇನ್ನೊಂದು: ‘ಕಮ್ ವಿತ್ ಮೈ ಬ್ರದರ್ ಅಂಡ್ ಐ’. ಕಲಿತವರೂ ಇದನ್ನೇ ನಾಜೂಕು ಅಂದುಕೊಂಡಿರುತ್ತಾರೆ. ತಮ್ಮನನ್ನು ಬಿಟ್ಟು ಓದಿ ನೋಡಿ. ‘ಕಮ್ ವಿತ್ ಐ’ ಅಂತ ಯಾರೂ ಅನ್ನುವುದಿಲ್ಲ. ಹಾಗಾಗಿ ತಮ್ಮ ಇದ್ದರೂ ‘ಮೀ’ಯೇ. ‘ಬಿಟ್ವೀನ್ ಯೂ ಅಂಡ್ ಮೀ’ ಕೂಡ ಹೀಗೇ.

ಹಂತ 3: ನಡುವೆ ಏನಾದರೂ ಬೇಕೇ?

ಕ್ರಿಯಾಪದದ ಪಕ್ಕ ‘ಹಿಮ್’ ಅಥವಾ ‘ಇಟ್’ ಇಡಿ. ಕೆಲವು ಕ್ರಿಯಾಪದಗಳು ಅದನ್ನು ನೇರವಾಗಿ ಅಪ್ಪಿಕೊಳ್ಳುತ್ತವೆ: ಆಸ್ಕ್ ಹಿಮ್, ಟೆಲ್ ಹಿಮ್, ಆನ್ಸರ್ ಹಿಮ್, ಕಾಲ್ ಹಿಮ್, ಕಾಂಟ್ಯಾಕ್ಟ್ ಹಿಮ್, ಮ್ಯಾರಿ ಹಿಮ್, ರಿಸೆಂಬಲ್ ಹಿಮ್, ರೀಚ್ ಇಟ್, ಎಂಟರ್ ಇಟ್, ಡಿಸ್ಕಸ್ ಇಟ್, ಅಟೆಂಡ್ ಇಟ್. ‘ಆತನ ಕೂಡ ಲಗ್ನ ಆದಳು’ ಅನ್ನುವಾಗ ‘ಕೂಡ’ ಇದೆ ಎಂದು ‘ಶೀ ಮ್ಯಾರೀಡ್ ವಿತ್ ಹಿಮ್’ ಬರುತ್ತದೆ. ‘ವಿತ್’ ತೆಗೆಯಿರಿ. ‘ಶೀ ಈಸ್ ಮ್ಯಾರೀಡ್ ಟು ಹಿಮ್’ ಅನ್ನುವಾಗ ಮಾತ್ರ ‘ಟು’ ಬೇಕು.

‘ಡಿಸ್ಕಸ್ ಅಬೌಟ್’, ‘ಆರ್ಡರ್ ಫಾರ್ ಟೀ’, ‘ರಿಕ್ವೆಸ್ಟ್ ಫಾರ್ ಲೀವ್’, ‘ಎಂಟರ್ ಇಂಟು ದಿ ಫೋರ್ಟ್’. ಈ ತಪ್ಪುಗಳು ಇಷ್ಟು ಗಟ್ಟಿಯಾಗಿ ಅಂಟಿಕೊಂಡಿರುವುದಕ್ಕೆ ಕಾರಣ ಇದೆ. ಇದೇ ಪದಗಳು ನಾಮಪದವಾದಾಗ ಪ್ರಿಪೋಸಿಷನ್ ನಿಜಕ್ಕೂ ಬೇಕು: ‘ಎ ಡಿಸ್ಕಷನ್ ಅಬೌಟ್ ಇಟ್’, ‘ಆನ್ ಆರ್ಡರ್ ಫಾರ್ ಟೀ’, ‘ಎ ರಿಕ್ವೆಸ್ಟ್ ಫಾರ್ ಲೀವ್’, ‘ಆನ್ ಆನ್ಸರ್ ಟು ದಿ ಲೆಟರ್’. ನಾಮಪದದ ಜೋಡಿಯನ್ನು ಕ್ರಿಯಾಪದಕ್ಕೆ ಕಟ್ಟಿದ್ದರಿಂದ ಆದ ತಪ್ಪು ಇದು. ಬೀದರ್ ಕೋಟೆಯೊಳಗೆ ಹೋದರೆ ‘ವೀ ಎಂಟರ್ಡ್ ದಿ ಫೋರ್ಟ್’. ‘ಎಂಟರ್ ಇಂಟು’ ಇರುವುದು ಒಪ್ಪಂದ, ಕರಾರುಗಳಿಗೆ.

ಇನ್ನು ಕೆಲವು ಕ್ರಿಯಾಪದಗಳು ಸೇತುವೆ ಇಲ್ಲದೆ ಆಚೆ ದಾಟುವುದಿಲ್ಲ: ಲಿಸನ್ ಟು ಹಿಮ್, ವೇಟ್ ಫಾರ್ ಹಿಮ್, ಡಿಪೆಂಡ್ ಆನ್ ಹಿಮ್, ಬಿಲಾಂಗ್ ಟು ಹಿಮ್, ಲಾಫ್ ಅಟ್ ಹಿಮ್, ಲುಕ್ ಅಟ್ ಹಿಮ್. ‘ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ’ ಅನ್ನುವಲ್ಲಿ ‘ಆನ್’ ಬರುವುದಿಲ್ಲ, ‘ಡೋಂಟ್ ಬಿ ಆಂಗ್ರಿ ವಿತ್ ಮೀ’.

ಸೇತುವೆ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಥ್ರೋ ದಿ ಬಾಲ್ ಟು ಮೀ’ ಅಂದರೆ ಚೆಂಡು ಹಿಡಿಯಲು ನಾನು ಕೈ ಚಾಚಿದ್ದೇನೆ. ‘ಥ್ರೋ ದಿ ಬಾಲ್ ಅಟ್ ಮೀ’ ಅಂದರೆ ನನಗೆ ಹೊಡೆಯಲು ಗುರಿಯಿಟ್ಟಿದ್ದಾರೆ. ‘ಟು’ದಲ್ಲಿ ಪಡೆಯುವವನು ಇದ್ದಾನೆ, ‘ಅಟ್’ದಲ್ಲಿ ಗುರಿ ಇದೆ. ಇದೊಂದು ಮನಸ್ಸಿಗೆ ಹತ್ತಿದರೆ ಲುಕ್, ಲಾಫ್, ಏಮ್, ಪಾಯಿಂಟ್ ಇವೆಲ್ಲ ಯಾಕೆ ‘ಅಟ್’ ಕೇಳುತ್ತವೆ ಅಂತ ತಾನಾಗೇ ಗೊತ್ತಾಗುತ್ತದೆ. ದೂರದವನಿಗೆ ಕೇಳಲಿ ಎಂದು ಕೂಗಿದರೆ ‘ಶೌಟ್ ಟು ಹಿಮ್’, ಬೈದರೆ ‘ಶೌಟ್ ಅಟ್ ಹಿಮ್’. ‘ಸರ್ಚ್ ಫಾರ್ ಹಿಮ್’ ಅಂದರೆ ಅವನನ್ನು ಹುಡುಕು. ‘ಸರ್ಚ್ ಹಿಮ್’ ಅಂದರೆ ಅವನ ಜೇಬು ತಡಕು, ಅದು ಪೊಲೀಸರ ಕೆಲಸ.

ಪ್ರಿಪೋಸಿಷನ್ ಎಷ್ಟೇ ಇದ್ದರೂ ದಿನಬಳಕೆಯಲ್ಲಿ ತಿರುತಿರುಗಿ ಬರುವವು ಹತ್ತರಿಂದ ಹನ್ನೆರಡು. ಅವುಗಳ ಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿದರೆ ಏನೂ ಸಿಗುವುದಿಲ್ಲ. ಕ್ರಿಯಾಪದದ ಜೊತೆಗೇ ಕಲಿಯಬೇಕು.

ಹಂತ 4: ‘ಸ್ವಿಚ್ ಆಫ್ ಇಟ್’ ಅನ್ನುವ ಮುನ್ನ

ಎಲ್ಲಕ್ಕಿಂತ ಹೆಚ್ಚು ಜನ ಜಾರುವುದು ಇಲ್ಲಿ. ‘ಸ್ವಿಚ್ ಆಫ್ ದಿ ಫ್ಯಾನ್’ ಸರಿ, ‘ಸ್ವಿಚ್ ದಿ ಫ್ಯಾನ್ ಆಫ್’ ಕೂಡ ಸರಿ. ಫ್ಯಾನಿನ ಬದಲು ‘ಇಟ್’ ಬಂದರೆ ಮಾತ್ರ ಒಂದೇ ದಾರಿ: ‘ಸ್ವಿಚ್ ಇಟ್ ಆಫ್’. ಸರ್ವನಾಮ ನಡುವೆಯೇ ಕೂರಬೇಕು. ಕನ್ನಡದಲ್ಲಿ ‘ಬಂದ್ ಮಾಡು’ ಜೋಡಿಯ ನಡುವೆ ‘ಅದನ್ನು’ ತೂರಿಸುವುದು ಊಹಿಸಲೂ ಆಗದ ಮಾತು. ಅದಕ್ಕೇ ನಮ್ಮ ಕಿವಿ ಇದನ್ನು ಒಪ್ಪಲು ತಡ ಮಾಡುತ್ತದೆ.

ಹಾಗಂತ ಎಲ್ಲ ಕಡೆ ನಡುವೆ ತೂರಿಸಿದರೆ ‘ಲುಕ್ ಇಟ್ ಅಟ್’ ಆಗಿ ಇನ್ನೊಂದು ಅವಾಂತರ. ಎರಡನ್ನೂ ಬೇರೆ ಮಾಡುವ ಪರೀಕ್ಷೆ ಇದು: ನಾಮಪದ ಇಟ್ಟುಕೊಂಡು ಕ್ರಿಯಾಪದದ ಪಕ್ಕದ ಚಿಕ್ಕ ಪದವನ್ನು ವಾಕ್ಯದ ಕೊನೆಗೆ ತಳ್ಳಿ. ‘ಸ್ವಿಚ್ ದಿ ಫ್ಯಾನ್ ಆಫ್’ ನಿಲ್ಲುತ್ತದೆ, ಆದ್ದರಿಂದ ಸರ್ವನಾಮ ನಡುವೆ. ‘ಲುಕ್ ದಿ ಫ್ಯಾನ್ ಅಟ್’ ಮುರಿದು ಬೀಳುತ್ತದೆ, ಆದ್ದರಿಂದ ಸರ್ವನಾಮ ಕೊನೆಗೆ: ‘ಲುಕ್ ಅಟ್ ಇಟ್’. ಮೊದಲ ಬಗೆಯಲ್ಲಿ ಚಿಕ್ಕ ಪದ ಕ್ರಿಯಾಪದದ ಬಾಲ, ಎರಡನೆಯದರಲ್ಲಿ ಅದು ನಾಮಪದಕ್ಕೆ ಸೇರಿದ ನಿಜವಾದ ಪ್ರಿಪೋಸಿಷನ್.

ಕಿವಿಯಿಂದಲೂ ಹಿಡಿಯಬಹುದು. ‘ಸ್ವಿಚ್ ಇಟ್ ಆಫ್’ ಅನ್ನುವಾಗ ಒತ್ತು ಬೀಳುವುದು ‘ಆಫ್’ ಮೇಲೆ. ‘ಲುಕ್ ಅಟ್ ಇಟ್’ ಅನ್ನುವಾಗ ‘ಲುಕ್’ ಮೇಲೆ ಒತ್ತು, ‘ಅಟ್’ ನುಂಗಿಹೋಗುತ್ತದೆ. ಇಂಗ್ಲಿಷ್ ವಾಕ್ಯದ ಕೊನೆಯ ಜಾಗ ಸಾಮಾನ್ಯವಾಗಿ ಹೊಸ ಸುದ್ದಿಗೆ ಮೀಸಲು. ‘ಇಟ್’ ಅಂದಾಗ ಯಾವುದು ಎಂದು ಇಬ್ಬರಿಗೂ ಮೊದಲೇ ಗೊತ್ತು, ಅದು ಹಳೆಯದು, ಹಗುರ. ಅದನ್ನು ಒಳಗೆ ಸರಿಸಿ ‘ಆಫ್’ಗೆ ಕೊನೆ ಬಿಟ್ಟುಕೊಡುತ್ತಾರೆ.

ನಡುವೆ ಕೂರಿಸುವ ಗುಂಪಿನಲ್ಲಿ ದಿನಾ ಬೇಕಾಗುವವು ಇಷ್ಟಿವೆ: ಫಿಲ್ ಇಟ್ ಇನ್, ಪಿಕ್ ಹಿಮ್ ಅಪ್, ಡ್ರಾಪ್ ಹರ್ ಆಫ್, ಕಾಲ್ ದೆಮ್ ಬ್ಯಾಕ್, ಗಿವ್ ಇಟ್ ಬ್ಯಾಕ್, ಪುಟ್ ಇಟ್ ಆನ್, ಟೇಕ್ ಇಟ್ ಆಫ್, ರೈಟ್ ಇಟ್ ಡೌನ್, ವೇಕ್ ಮೀ ಅಪ್. ಕೊನೆಗೆ ಕೂರಿಸುವವು: ಲುಕ್ ಆಫ್ಟರ್ ಹರ್, ಲುಕ್ ಫಾರ್ ಇಟ್, ಗೆಟ್ ಓವರ್ ಇಟ್. ಮೂರು ತುಂಡಿನವು ಬಂದರೆ ಯೋಚಿಸಲೇ ಬೇಡಿ, ಸರ್ವನಾಮ ಕೊನೆಗೆ: ಪುಟ್ ಅಪ್ ವಿತ್ ಹಿಮ್, ರನ್ ಔಟ್ ಆವ್ ಇಟ್, ಲುಕ್ ಫಾರ್ವರ್ಡ್ ಟು ಇಟ್.

ಒಂದೇ ಪದ ಎರಡೂ ಪಾತ್ರ ಮಾಡುವುದುಂಟು, ಅಲ್ಲೇ ಪರೀಕ್ಷೆ ಕೆಲಸಕ್ಕೆ ಬರುವುದು. ವಾಡಿ ಜಂಕ್ಷನ್ನಿನಲ್ಲಿ ರೈಲು ಇಳಿದರೆ ‘ಗೆಟ್ ಆಫ್ ದಿ ಟ್ರೇನ್’. ‘ಗೆಟ್ ದಿ ಟ್ರೇನ್ ಆಫ್’ ಆಗದು, ಹಾಗಾಗಿ ‘ಗೆಟ್ ಆಫ್ ಇಟ್’. ಸ್ವಿಚ್ಚಿನ ‘ಆಫ್’ ನಡುವೆ ಜಾಗ ಬಿಟ್ಟಿತು, ರೈಲಿನ ‘ಆಫ್’ ಬಿಡಲಿಲ್ಲ. ಯಾದಗಿರಿಯ ಕೋಟೆ ಗುಡ್ಡ ಓಡಿ ಹತ್ತಿದರೆ ‘ಹೀ ರಾನ್ ಅಪ್ ದಿ ಹಿಲ್’, ಸರ್ವನಾಮದಲ್ಲಿ ‘ರಾನ್ ಅಪ್ ಇಟ್’. ಅಂಗಡಿಯಲ್ಲಿ ಸಾಲ ಏರಿಸಿಕೊಂಡರೆ ‘ಹೀ ರಾನ್ ಅಪ್ ಎ ಬಿಲ್’, ಸರ್ವನಾಮದಲ್ಲಿ ‘ರಾನ್ ಇಟ್ ಅಪ್’.

ವಾಹನದ ಮಾತು ಬಂತಲ್ಲ, ಅದನ್ನೂ ಮುಗಿಸಿಬಿಡೋಣ. ಒಳಗೆ ಎದ್ದು ಓಡಾಡಬಹುದಾದ ಬಸ್, ರೈಲಿಗೆ ‘ಗೆಟ್ ಆನ್’ ಮತ್ತು ‘ಗೆಟ್ ಆಫ್’. ಬಗ್ಗಿ ಒಳಗೆ ಕೂರುವ ಆಟೋ, ಕಾರಿಗೆ ‘ಗೆಟ್ ಇನ್’ ಮತ್ತು ‘ಗೆಟ್ ಔಟ್ ಆವ್’. ಬೈಕಿಗೆ ಮತ್ತೆ ‘ಆನ್’. ‘ಬೈ ಬಸ್’ ಅನ್ನುವಾಗ ನಡುವೆ ಏನೂ ಬರಬಾರದು. ‘ಬೈ ಹಿಸ್ ಆಟೋ’ ಅಲ್ಲ, ‘ಇನ್ ಹಿಸ್ ಆಟೋ’.

ಹಂತ 5: ಕೊಡುವವನು, ಪಡೆಯುವವನು, ವಸ್ತು

‘ಗಿವ್ ಮೀ ದಿ ಬುಕ್’ ಮತ್ತು ‘ಗಿವ್ ದಿ ಬುಕ್ ಟು ಮೀ’ ಎರಡೂ ನಡೆಯುತ್ತವೆ. ವ್ಯಕ್ತಿ ಮೊದಲು ಬಂದರೆ ‘ಟು’ ಇಲ್ಲ, ವಸ್ತು ಮೊದಲು ಬಂದರೆ ‘ಟು’ ಬೇಕು. ಎರಡನ್ನೂ ಬೆರೆಸಿ ‘ಗಿವ್ ಟು ಮೀ ದಿ ಬುಕ್’ ಮಾಡಬೇಡಿ. ಎರಡೂ ಸರ್ವನಾಮವಾದರೆ ‘ಗಿವ್ ಇಟ್ ಟು ಮೀ’ ಅನ್ನುವುದೊಂದನ್ನೇ ರೂಢಿ ಮಾಡಿಕೊಳ್ಳಿ. ಸೆಂಡ್, ಶೋ, ಲೆಂಡ್ ಹೀಗೇ. ಬೈ, ಮೇಕ್, ಬ್ರಿಂಗ್‌ಗಳಲ್ಲಿ ಯಾರದೋ ಸಲುವಾಗಿ ಅನ್ನುವ ಅರ್ಥ ಇದ್ದರೆ ‘ಫಾರ್’: ‘ಐ ಬಾಟ್ ಇಟ್ ಫಾರ್ ಹರ್’.

ಎಕ್ಸ್‌ಪ್ಲೇನ್, ಸೇ, ಸಜೆಸ್ಟ್, ಡಿಸ್ಕ್ರೈಬ್ ಈ ಸವಲತ್ತು ಕೊಡುವುದಿಲ್ಲ. ‘ಎಕ್ಸ್‌ಪ್ಲೇನ್ ಮೀ ದಿಸ್ ಸಮ್’ ನಮ್ಮ ತರಗತಿಗಳಲ್ಲಿ ದಿನಾ ಕೇಳುವ ತಪ್ಪು. ‘ಎಕ್ಸ್‌ಪ್ಲೇನ್ ದಿಸ್ ಸಮ್ ಟು ಮೀ’ ಆಗಬೇಕು. ‘ಸೇ’ ಮತ್ತು ‘ಟೆಲ್’ ಅಣ್ಣತಮ್ಮಂದಿರಂತೆ ಕಂಡರೂ ಒಂದಕ್ಕೆ ‘ಟು’ ಬೇಕು, ಇನ್ನೊಂದಕ್ಕೆ ಬೇಡ: ‘ಹೀ ಸೆಡ್ ಇಟ್ ಟು ಮೀ’, ‘ಹೀ ಟೋಲ್ಡ್ ಮೀ’.

ಹಂತ 6: ಪ್ರಿಪೋಸಿಷನ್ ಆದಮೇಲೆ ಕ್ರಿಯಾಪದ ಬಂದರೆ

ಅದಕ್ಕೆ ‘ಇಂಗ್’ ಹಚ್ಚಿ. ‘ಥ್ಯಾಂಕ್ ಯೂ ಫಾರ್ ಕಮಿಂಗ್’, ‘ಶೀ ಈಸ್ ಗುಡ್ ಅಟ್ ಸಿಂಗಿಂಗ್’. ಗೊಂದಲ ಇರುವುದು ‘ಟು’ ಒಂದರಲ್ಲೇ, ಯಾಕೆಂದರೆ ಅದು ಎರಡು ಕಡೆ ದುಡಿಯುತ್ತದೆ. ಇಲ್ಲೂ ‘ಇಟ್’ ಇಟ್ಟು ನೋಡಿ. ‘ಐ ಲುಕ್ ಫಾರ್ವರ್ಡ್ ಟು ಇಟ್’ ಸರಿಹೋಗುತ್ತದೆ, ಹಾಗಾಗಿ ‘ಲುಕ್ ಫಾರ್ವರ್ಡ್ ಟು ಮೀಟಿಂಗ್ ಯೂ’. ‘ಐ ವಾಂಟ್ ಟು ಇಟ್’ ಹೊಂದುವುದಿಲ್ಲ, ಹಾಗಾಗಿ ‘ಐ ವಾಂಟ್ ಟು ಮೀಟ್ ಯೂ’. ಕೆಲಸದ ಅರ್ಜಿಯ ಕೊನೆಯ ಸಾಲಿನಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಹಿಯರ್’ ಬರೆದವರು ಈ ಒಂದು ಪರೀಕ್ಷೆ ಮಾಡಿದ್ದರೆ ‘ಹಿಯರಿಂಗ್’ ಆಗುತ್ತಿತ್ತು.

ಊರಿನ ವಾಕ್ಯಗಳಲ್ಲಿ ರೂಢಿ

ದಿನಕ್ಕೆ ಐದು ಕ್ರಿಯಾಪದ ಸಾಕು. ಪ್ರತಿಯೊಂದನ್ನೂ ಮೊದಲು ಊರಿನ ಹೆಸರೋ ವಸ್ತುವಿನ ಹೆಸರೋ ಇಟ್ಟು, ಆಮೇಲೆ ಅದನ್ನೇ ಸರ್ವನಾಮ ಮಾಡಿ ಬರೆಯಿರಿ. ಬಹಮನಿ ಸುಲ್ತಾನರು 1347ರಲ್ಲಿ ರಾಜ್ಯ ಕಟ್ಟಿದ ಮೇಲೆ ಕಲಬುರಗಿ ರಾಜಧಾನಿಯಾಗಿತ್ತು, ಮುಂದಿನ ಶತಮಾನದಲ್ಲಿ ಅದು ಬೀದರಿಗೆ ಹೋಯಿತು: ‘ದೇ ಮೂವ್ಡ್ ದೇರ್ ಕ್ಯಾಪಿಟಲ್ ಫ್ರಮ್ ಗುಲ್ಬರ್ಗಾ ಟು ಬೀದರ್’. ಸರ್ವನಾಮ ಮಾಡಿದರೆ ‘ದೇ ಮೂವ್ಡ್ ಇಟ್ ಟು ಬೀದರ್’. 2014ರ ನವೆಂಬರ್ 1ರಂದು ಹೆಸರು ಬದಲಾದದ್ದಕ್ಕೆ ‘ಗುಲ್ಬರ್ಗಾ ವಾಸ್ ರೀನೇಮ್ಡ್ ಕಲಬುರಗಿ’, ನಡುವೆ ‘ಆಸ್’ ಬೇಡ. ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾದ ದಿನವನ್ನು ಹೇಳುವಾಗ ‘ಆನ್ 29 ಅಕ್ಟೋಬರ್ 2017’. ಬರೀ ಇಸವಿ ಹೇಳಿದರೆ ‘ಇನ್ 2017’.

ಬಿದರಿ ಪಾತ್ರೆಯೊಂದು ಕೈಗೆ ಸಿಕ್ಕರೆ ಅದರಲ್ಲೇ ನಾಲ್ಕು ಜೋಡಿ ಕಲಿಯಬಹುದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದದ್ದು, ಹಾಗಾಗಿ ‘ಮೇಡ್ ಆವ್ ಜಿಂಕ್ ಅಂಡ್ ಕಾಪರ್’. ಬೆಳ್ಳಿ ತಂತಿ ಕೂರಿಸಿದ್ದು ‘ಇನ್‌ಲೇಡ್ ವಿತ್ ಸಿಲ್ವರ್’. ಕೋಟೆಯ ಮಣ್ಣು, ನವಸಾಗರ ಬೆರೆಸಿ ಕಪ್ಪು ಮಾಡಿದ್ದು ‘ಬ್ಲ್ಯಾಕನ್ಡ್ ವಿತ್ ಸಾಯಿಲ್ ಫ್ರಮ್ ದಿ ಫೋರ್ಟ್’. ಮಾಡಿದವರು ಕುಶಲಕರ್ಮಿಗಳು, ‘ಮೇಡ್ ಬೈ ಆರ್ಟಿಸನ್ಸ್’. ಸಾಮಗ್ರಿ ತನ್ನ ಗುರುತು ಉಳಿಸಿಕೊಂಡಿದ್ದರೆ ‘ಆವ್’, ಜೋಳ ರೊಟ್ಟಿಯಾದ ಹಾಗೆ ರೂಪವೇ ಬದಲಾದರೆ ‘ಮೇಡ್ ಫ್ರಮ್ ಜೋವರ್’.

ಈಗ ನಾಲ್ಕು ವಾಕ್ಯ ನೀವೇ ತಿರುಗಿಸಿ: ‘ಇಲ್ಲಿ ಅರ್ಜಿ ಅದ, ಇದನ್ನ ತುಂಬ್ರಿ.’ ‘ನಮ್ಮವ್ವನ್ನ ಅಕಿ ನೋಡ್ಕೋತಾಳ.’ ‘ನಂಗ ಅದನ್ನ ತಿಳಿಸಿ ಹೇಳ್ರಿ.’ ‘ನೀ ಯಾರ ಹಾದಿ ನೋಡ್ಲಾಕತ್ತೀ?’

ಮೊದಲನೆಯದು ‘ಫಿಲ್ ಇಟ್ ಇನ್’, ಎರಡನೆಯದು ‘ಶೀ ಲುಕ್ಸ್ ಆಫ್ಟರ್ ಮೈ ಮದರ್’, ಅವ್ವನ ಬದಲು ಸರ್ವನಾಮ ಬಂದರೆ ‘ಲುಕ್ಸ್ ಆಫ್ಟರ್ ಹರ್’. ಮೂರನೆಯದು ‘ಎಕ್ಸ್‌ಪ್ಲೇನ್ ಇಟ್ ಟು ಮೀ’. ನಾಲ್ಕನೆಯದು ‘ಹೂ ಆರ್ ಯೂ ವೇಟಿಂಗ್ ಫಾರ್?’ ಇದರ ಕೊನೆಯಲ್ಲಿ ಒಂಟಿಯಾಗಿ ನೇತಾಡುವ ‘ಫಾರ್’ ಕಂಡು ಅಳಿಸಬೇಡಿ. ಅದರ ಪಕ್ಕ ಇರಬೇಕಾದವರು ಪ್ರಶ್ನೆಪದವಾಗಿ ವಾಕ್ಯದ ತಲೆಗೆ ಹೋಗಿ ಕೂತಿದ್ದಾರೆ, ‘ಫಾರ್’ ಮಾತ್ರ ತನ್ನ ಕ್ರಿಯಾಪದದ ಹತ್ತಿರವೇ ಉಳಿದಿದೆ.